ಹೊರದೇಶದ ಮರಿಟೈಮ್ ಕಾಲೇಜು: ಫೀಸು ಕಟ್ಟುವ ಮುಂಚೆ, ಹಡಗು ಹತ್ತುವ ಮುಂಚೆ

ಕಾಲೇಜಿನ ಬ್ರೋಷರ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಬಿಳಿ ಯೂನಿಫಾರ್ಮು, ಆಮೇಲೆ ಸಿಮ್ಯುಲೇಟರ್, ಆಮೇಲೆ ಸಂಬಳದ ಲೆಕ್ಕ. ಸದ್ಯಕ್ಕೆ ಮೂರನ್ನೂ ಬದಿಗಿಡಿ. ಫೀಸು ಕಟ್ಟುವ ಮುಂಚೆ ಕಾಲೇಜಿಗೆ ಒಂದು ಇಮೇಲ್ ಹಾಕಿ, ಎರಡೇ ಪ್ರಶ್ನೆ ಕೇಳಿ. ಒಂದು, ನನ್ನ ಪಾಸ್‌ಪೋರ್ಟ್ ಇಂಥ ದೇಶದ್ದು, ಈ ಕೋರ್ಸ್ ಮುಗಿಸಿದರೆ ನನಗೆ ಸಿಒಸಿ (ಹಡಗಿನ ಆಫೀಸರಾಗಲು ಬೇಕಾದ ಸರ್ಕಾರಿ ಸರ್ಟಿಫಿಕೇಟ್) ಕೊಡುವುದು ಯಾವ ದೇಶದ ಆಡಳಿತ? ಎರಡು, ಅದಕ್ಕೆ ಬೇಕಾದ ಸೀ ಟೈಮ್‌ಗೆ, ಅಂದರೆ ಹಡಗಿನಲ್ಲಿ ಕಳೆಯಬೇಕಾದ ತಿಂಗಳುಗಳಿಗೆ, ಹಡಗು ಹುಡುಕುವುದು ನೀವೋ, ನಾನೋ? "ಫೋನಲ್ಲಿ ಹೇಳ್ತೀವಿ" ಅಂದರೆ ಒಪ್ಪಬೇಡಿ. ಉತ್ತರ ಬರಹದಲ್ಲೇ ಬರಲಿ.

ಇಷ್ಟು ಪಟ್ಟು ಯಾಕೆ ಅಂದರೆ, ಡಿಗ್ರಿ ಬೇರೆ, ಸಿಒಸಿ ಬೇರೆ. ಡಿಗ್ರಿ ಕೊಡುವುದು ಕಾಲೇಜು ಅಥವಾ ಯೂನಿವರ್ಸಿಟಿ. ಸಿಒಸಿ, ಅಂದರೆ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸಿ, ಕೊಡುವುದು ಒಂದು ದೇಶದ ಸರ್ಕಾರಿ ಕಡಲ ಆಡಳಿತ. ಹಡಗಿನಲ್ಲಿ ಆಫೀಸರಾಗಿ ವಾಚ್, ಅಂದರೆ ಪಾಳಿಯ ಹೊಣೆ, ನಿಲ್ಲಲು ಬೇಕಾದ್ದು ಎರಡನೆಯದು. ಡಿಗ್ರಿ ಕೈಗೆ ಬಂದು ಸಿಒಸಿ ಬಾರದೆ ನಿಂತವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಹೊರದೇಶದ ವಿದ್ಯಾರ್ಥಿಗಳಿಗೆ ಈ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಕೆಲವು ದೇಶಗಳು ಸಿಒಸಿಯನ್ನು ತಮ್ಮ ನಾಗರಿಕರಿಗೇ ಮೀಸಲಿಟ್ಟಿವೆ. ಅಮೆರಿಕ ಒಳ್ಳೆಯ ಉದಾಹರಣೆ. ಅಲ್ಲಿನ ಹಡಗಿನ ಆಫೀಸರ್ ಲೈಸೆನ್ಸ್ ಅಮೆರಿಕದ ನಾಗರಿಕರಿಗೆ ಮಾತ್ರ. ಅಲ್ಲಿ ನಾಲ್ಕು ವರ್ಷ ಓದಬಹುದು, ಡಿಗ್ರಿ ಪಡೆಯಬಹುದು, ಲೈಸೆನ್ಸಿಗೆ ಮಾತ್ರ ಬೇರೆ ದಾರಿ ನೋಡಬೇಕು.

ಎಲ್ಲ ದೇಶಗಳಿಗೂ ತಳಪಾಯ ಒಂದೇ: ನಾವಿಕರ ತರಬೇತಿ, ಸರ್ಟಿಫಿಕೇಟ್ ಮತ್ತು ವಾಚ್ ಬಗೆಗಿನ 1978ರ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ಒಪ್ಪಂದ, ಅದಕ್ಕೆ 2010ರ ಮನಿಲಾ ತಿದ್ದುಪಡಿ. ಅದು ಹೇಳುವುದು ಕನಿಷ್ಠ ಮಟ್ಟ. ಅದರ ಮೇಲೆ ಪ್ರತಿ ದೇಶವೂ ತನ್ನ ಷರತ್ತು ಸೇರಿಸಬಹುದು. ಆ ಕನಿಷ್ಠದಲ್ಲಿ ನೀವು ಬಾಯಿಪಾಠ ಮಾಡಬೇಕಾದ್ದು ಎರಡು ಅಂಕಿ, 12 ಮತ್ತು 36. ಡೆಕ್ ಕೆಡೆಟ್ (ಹಡಗು ನಡೆಸುವ ವಿಭಾಗದ ತರಬೇತಿ ವಿದ್ಯಾರ್ಥಿ) ಆಗಿದ್ದು, ಆಡಳಿತ ಒಪ್ಪಿದ ಕೋರ್ಸಿನ ಭಾಗವಾಗಿ, ಕಲಿತ ಕೆಲಸಗಳನ್ನು ದಾಖಲಿಸುವ ಟ್ರೈನಿಂಗ್ ರೆಕಾರ್ಡ್ ಬುಕ್ ತುಂಬಿಸುತ್ತ ಹಡಗಿನಲ್ಲಿದ್ದರೆ 12 ತಿಂಗಳ ಸೀ ಟೈಮ್ ಸಾಕು. ಕೋರ್ಸಿಗೆ ಆ ಒಪ್ಪಿಗೆ ಇಲ್ಲದಿದ್ದರೆ 36 ತಿಂಗಳು. ಎಂಜಿನ್ ಕಡೆಯವರಿಗೆ ವರ್ಕ್‌ಶಾಪ್ ತರಬೇತಿ ಮತ್ತು ಸೀ ಟೈಮ್ ಸೇರಿ 12 ತಿಂಗಳು, ಅದರಲ್ಲಿ ಕನಿಷ್ಠ 6 ತಿಂಗಳು ಹಡಗಿನಲ್ಲೇ ಕಳೆದಿರಬೇಕು. ಹಾಗಾಗಿ "ಮರಿಟೈಮ್" ಅಂತ ಹೆಸರಿರುವ ಕೋರ್ಸೆಲ್ಲ ಹಡಗಿಗೆ ಕರೆದೊಯ್ಯುವುದಿಲ್ಲ. ಶಿಪ್ಪಿಂಗ್ ಮ್ಯಾನೇಜ್‌ಮೆಂಟ್, ಲಾಜಿಸ್ಟಿಕ್ಸ್ ಇವೆಲ್ಲ ಒಳ್ಳೆಯ ವಿಷಯಗಳೇ, ಆದರೆ ಆಫೀಸಿನ ಕುರ್ಚಿಯ ಓದು. ಇನ್ನು ಕೆಲವರು "ನಮ್ಮ ದೇಶ ಐಎಂಒ ವೈಟ್ ಲಿಸ್ಟಿನಲ್ಲಿದೆ" ಅನ್ನುತ್ತಾರೆ. ಅದು ಎಸ್‌ಟಿಸಿಡಬ್ಲ್ಯುವನ್ನು ಪೂರ್ತಿ ಜಾರಿಮಾಡಿದ ದೇಶಗಳು ಅಂತ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆ) ಒಪ್ಪಿದ ಪಟ್ಟಿ. ಲಿಸ್ಟಿನಲ್ಲಿರುವುದು ದೇಶ, ಕೋರ್ಸ್ ಅಲ್ಲ. ನೀವು ಸೇರುವ ಕೋರ್ಸಿಗೇ ಆ ದೇಶದ ಆಡಳಿತದ ಒಪ್ಪಿಗೆ ಇದೆಯೇ ಅಂತ ಆಡಳಿತದ ವೆಬ್‌ಸೈಟಿನಲ್ಲೇ ನೋಡಿ, ಕಾಲೇಜಿನ ವೆಬ್‌ಸೈಟಿನಲ್ಲಲ್ಲ.

ಮುಂದೆ ಬೇರೆ ದೇಶದ ಧ್ವಜ ಹೊತ್ತ ಹಡಗಿಗೆ ಹೋಗುವಾಗ ಆ ದೇಶ ನಿಮ್ಮ ಸಿಒಸಿಗೆ ಎಂಡೋರ್ಸ್‌ಮೆಂಟ್, ಅಂದರೆ ಮಾನ್ಯತೆಯ ಪತ್ರ, ಕೊಡಬೇಕು. ಅದಕ್ಕೆ ಎರಡೂ ದೇಶಗಳ ನಡುವೆ ಮಾನ್ಯತೆಯ ಒಪ್ಪಂದ ಇರಬೇಕು. ಅರ್ಜಿ ಹಾಕಿದ ದಾಖಲೆ ಕೈಯಲ್ಲಿದ್ದರೆ ಎಂಡೋರ್ಸ್‌ಮೆಂಟ್ ಬರುವವರೆಗೆ ಹೆಚ್ಚೆಂದರೆ 3 ತಿಂಗಳು ಕೆಲಸ ಮಾಡಲು ಬಿಡಬಹುದು. ನಿಮಗೆ ಸಿಒಸಿ ಕೊಡುವ ದೇಶವನ್ನು ಯಾವ್ಯಾವ ಧ್ವಜದವರು ಒಪ್ಪುತ್ತಾರೆ ಅನ್ನುವುದನ್ನೂ ಸೇರುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಎರಡನೆಯ ಕೆಲಸ, ಮೆಡಿಕಲ್. ಇದನ್ನು ಜನ ಅಡ್ಮಿಷನ್ ಆದ ಮೇಲೆ ಮಾಡಿಸುತ್ತಾರೆ, ತಿರುವುಮುರುವು. ಡೆಕ್‌ಗೆ ಎಸ್‌ಟಿಸಿಡಬ್ಲ್ಯು ಕೇಳುವ ದೂರದೃಷ್ಟಿ ಕನ್ನಡಕ ಹಾಕಿಕೊಂಡು ಎರಡೂ ಕಣ್ಣಿಗೆ ತಲಾ 0.5 (ಅಂದರೆ 6/12), ಇದು ಅಷ್ಟು ಕಷ್ಟವಲ್ಲ. ಕನಸು ಮುರಿಯುವುದು ಬಣ್ಣದ ಪರೀಕ್ಷೆಯಲ್ಲಿ. ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಟಗಳನ್ನು ಎದುರಿಗೆ ಇಡುತ್ತಾರೆ. ಅಲ್ಲಿಯವರೆಗೆ ತನಗೆ ಕೆಂಪು ಹಸಿರು ಸರಿಯಾಗಿ ಬೇರೆ ಕಾಣುವುದಿಲ್ಲ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ರಾತ್ರಿ ಎದುರಿನ ಹಡಗು ತೋರಿಸುವುದು ಕೆಂಪು ದೀಪವೋ ಹಸಿರು ದೀಪವೋ ಅನ್ನುವುದರ ಮೇಲೇ ಅದು ಯಾವ ಕಡೆ ಸಾಗುತ್ತಿದೆ ಅನ್ನುವುದು ತಿಳಿಯುವುದು, ಹಾಗಾಗಿ ಇಲ್ಲಿ ರಿಯಾಯಿತಿ ಇಲ್ಲ. ಬಣ್ಣ ಸರಿಪಡಿಸುವ ಲೆನ್ಸ್ ಹಾಕಿಕೊಂಡು ಪಾಸಾಗುವ ಉಪಾಯವೂ ನಡೆಯುವುದಿಲ್ಲ, ಆ ಪರೀಕ್ಷೆಯೇ ಅಮಾನ್ಯ. ಪರೀಕ್ಷೆ ಮಾಡಿಸುವುದು ಸಿಒಸಿ ಕೊಡಲಿರುವ ಆಡಳಿತ ಒಪ್ಪಿದ ಡಾಕ್ಟರ ಹತ್ತಿರವೇ ಆಗಲಿ. ಸರ್ಟಿಫಿಕೇಟಿನ ಅವಧಿ ಹೆಚ್ಚೆಂದರೆ 2 ವರ್ಷ, 18 ತುಂಬದವರಿಗೆ 1 ವರ್ಷ, ಬಣ್ಣದ ಪರೀಕ್ಷೆಗೆ ಮಾತ್ರ 6 ವರ್ಷ. ಕನ್ನಡಕದವರು ಇನ್ನೊಂದು ಜೊತೆ ಮಾಡಿಸಿಟ್ಟುಕೊಳ್ಳಿ. ಹಡಗಿನಲ್ಲಿ ಒಡೆದರೆ ನಡುಗಡಲಲ್ಲಿ ಆಪ್ಟಿಕಲ್ಸ್ ಅಂಗಡಿ ಸಿಗುವುದಿಲ್ಲ.

ವೀಸಾ ವಿಷಯಕ್ಕೆ ಬರೋಣ. ಸ್ಟೂಡೆಂಟ್ ವೀಸಾ ನಿಮ್ಮನ್ನು ಕ್ಲಾಸಿಗೆ ಕರೆದೊಯ್ಯುತ್ತದೆ, ಹಡಗಿಗಲ್ಲ. ಕಾಲೇಜು ಒಂದು ದೇಶದಲ್ಲಿ, ಹಡಗು ಹತ್ತುವ ಬಂದರು ಇನ್ನೊಂದರಲ್ಲಿ, ಇಳಿಯುವುದು ಮೂರನೆಯದರಲ್ಲಿ, ಇದು ಮಾಮೂಲು. ನಿಮ್ಮ ಸ್ಟೂಡೆಂಟ್ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಹಡಗಿನಲ್ಲಿ ದೇಶ ಬಿಟ್ಟ ದಿನವೇ ಅದರ ಕಥೆ ಮುಗಿಯಿತು. ಉಳಿದ ಸೆಮಿಸ್ಟರಿಗೆ ವಾಪಸ್ ಬರಲು ಮತ್ತೆ ಅರ್ಜಿ, ಮತ್ತೆ ಕಾಯುವುದು. ಮಲ್ಟಿಪಲ್ ಎಂಟ್ರಿ ಇದೆಯೇ ನೋಡಿ. ಸೀ ಫೇಸ್‌ನಲ್ಲಿ, ಅಂದರೆ ಕೋರ್ಸಿನ ಭಾಗವಾಗಿ ಹಡಗಿನಲ್ಲಿ, ಇರುವ ತಿಂಗಳುಗಳನ್ನು ಕಾಲೇಜು ಇಮಿಗ್ರೇಷನ್‌ಗೆ ಹೇಗೆ ತಿಳಿಸುತ್ತದೆ ಅಂತಲೂ ಕೇಳಿ, ಇಲ್ಲದಿದ್ದರೆ ದಾಖಲೆಯಲ್ಲಿ ನೀವು ಕ್ಲಾಸಿಗೆ ಚಕ್ಕರ್ ಹೊಡೆದವರಾಗಿ ಉಳಿಯುತ್ತೀರಿ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗಾದರೆ ಸಿ1/ಡಿ ಅನ್ನುವ ಪ್ರತ್ಯೇಕ ಕ್ರ್ಯೂ ವೀಸಾ ಬೇಕು. ಹಡಗಿಗೆ ಕರೆ ಬರುವವರೆಗೆ ಕಾಯದೆ ಕಂಪನಿಯ ಪತ್ರ ಸಿಕ್ಕ ಕೂಡಲೇ ಅರ್ಜಿ ಹಾಕಿ.

ಪಾಸ್‌ಪೋರ್ಟಿನಲ್ಲಿ ಹಡಗು ಹತ್ತುವ ದಿನಕ್ಕೆ ಕನಿಷ್ಠ 18 ತಿಂಗಳ ಅವಧಿ ಮತ್ತು ಸಾಕಷ್ಟು ಖಾಲಿ ಪುಟ ಇರಲಿ. ಕಾಂಟ್ರ್ಯಾಕ್ಟು ಉದ್ದವಾದರೂ ಕೈ ಕಟ್ಟದಿರಲಿ ಅಂತ ನಾವು ಹೇಳುವ ಲೆಕ್ಕ ಇದು. ಸಿಡಿಸಿ, ಅಂದರೆ ನಾವಿಕರ ಪುಸ್ತಕ, ಯಾವ ದೇಶದ್ದು ನಡೆಯುತ್ತದೆ ಅಂತ ಕಂಪನಿಯನ್ನೇ ಕೇಳಿ. ಯೆಲ್ಲೋ ಫೀವರ್ ಲಸಿಕೆಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಚುಚ್ಚಿಸಿಕೊಂಡ 10 ದಿನದ ಮೇಲೆ ಸರ್ಟಿಫಿಕೇಟ್ ಜಾರಿಗೆ ಬರುತ್ತದೆ, ಆಮೇಲೆ ಅದು ಜೀವನಪೂರ್ತಿ.

ಹಣದ ಬಗ್ಗೆ ಒಂದೇ ಮಾತು, ಆದರೆ ಕಟ್ಟುನಿಟ್ಟಾದ ಮಾತು. 2013ರ ಆಗಸ್ಟ್ 20ರಿಂದ ಜಾರಿಯಲ್ಲಿರುವ, ನಾವಿಕರ ಕೆಲಸದ ಹಕ್ಕುಗಳ ಎಂಎಲ್‌ಸಿ 2006 ಒಪ್ಪಂದದ ಪ್ರಕಾರ, ಹಡಗಿನ ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಶುಲ್ಕ ಕೀಳುವಂತಿಲ್ಲ. ಮೆಡಿಕಲ್, ನಾವಿಕರ ಪುಸ್ತಕ, ಪಾಸ್‌ಪೋರ್ಟ್, ಇವುಗಳ ಖರ್ಚು ನಿಮ್ಮದಾಗಬಹುದು. ವೀಸಾ ಖರ್ಚು ಹಡಗಿನ ಮಾಲೀಕರದು. "ಕೆಡೆಟ್ ಸೀಟ್ ಗ್ಯಾರಂಟಿ, ಇಷ್ಟು ಕೊಡಿ" ಅನ್ನುವ ಏಜೆಂಟರಿಗೆ ಬಾಗಿಲು ತೋರಿಸಿ. ಅವರು ಕೊಡುವ ಸರ್ಟಿಫಿಕೇಟ್ ನಂಬರನ್ನು ಆಡಳಿತದ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ.

ಈಗ ಕಾಲೇಜಿನ ಒಳಗೆ. ಭಾಷೆಯ ವಿಷಯದಲ್ಲಿ ಐಇಎಲ್‌ಟಿಎಸ್ ಅಂಕ ಚೆನ್ನಾಗಿದ್ದವರೂ ಮೊದಲ ತಿಂಗಳು ಎಡವುತ್ತಾರೆ, ಯಾಕೆಂದರೆ ಬ್ರಿಡ್ಜಿನ (ಹಡಗು ನಡೆಸುವ ಕೋಣೆಯ) ಇಂಗ್ಲಿಷ್ ಬೇರೆಯೇ ಇಂಗ್ಲಿಷ್. ಐಎಂಒ 2001ರಲ್ಲಿ ಎಸ್‌ಎಂಸಿಪಿ ಅಂತ ಸಿದ್ಧವಾಕ್ಯಗಳನ್ನು ಗೊತ್ತುಮಾಡಿತು. ಅಂಕಿಯನ್ನು ಒಂದೊಂದಾಗಿ ಹೇಳಬೇಕು: 150 ಅಂದರೆ "ಒನ್ ಫೈವ್ ಝೀರೋ". "ಒನ್ ಫಿಫ್ಟಿ" ಅಂದರೆ ಗಲಾಟೆಯ ರೇಡಿಯೋದಲ್ಲಿ ಅದು "ಒನ್ ಫಿಫ್ಟೀನ್" ಆಗಿಬಿಡುತ್ತದೆ. ಫೇರ್‌ವೇಗೆ, ಅಂದರೆ ಹಡಗು ಸಾಗುವ ಜಲದಾರಿಗೆ, ಹೋಗುವಾಗ "ಮೇ ಐ ಎಂಟರ್ ದ ಫೇರ್‌ವೇ" ಅಂತ ಕೇಳಬಾರದು. "ಮೇ" ಅನ್ನುವುದು ಅನುಮತಿಯೋ, ಸಾಧ್ಯತೆಯೋ ಗೊತ್ತಾಗುವುದಿಲ್ಲ. "ಕ್ವೆಶ್ಚನ್. ಡು ಐ ಹ್ಯಾವ್ ಪರ್ಮಿಷನ್ ಟು ಎಂಟರ್ ದ ಫೇರ್‌ವೇ" ಅನ್ನಬೇಕು. ಚುಕ್ಕಾಣಿ ಹಿಡಿದಾಗ "ಪೋರ್ಟ್ ಟೆನ್" (ಎಡಕ್ಕೆ ಹತ್ತು ಡಿಗ್ರಿ) ಅಂತ ಆದೇಶ ಬಂದರೆ "ಓಕೆ ಸರ್" ಅಂದು ಸುಮ್ಮನಾಗುವುದಲ್ಲ, "ಪೋರ್ಟ್ ಟೆನ್" ಅಂತ ಅದನ್ನೇ ಮರಳಿ ಹೇಳಿ ತಿರುಗಿಸಬೇಕು. ತಲೆ ಆಡಿಸಿ "ಯೆಸ್" ಅನ್ನುವುದು ವಿನಯ ಅಂತ ಕಲಿತು ಬಂದವರಿಗೆ ಈ ಅಭ್ಯಾಸ ಬಿಡಿಸುವುದೇ ಕಷ್ಟ. ಅರ್ಥವಾಗಲಿಲ್ಲವೋ, "ಸೇ ಅಗೇನ್" ಅನ್ನಿ, ನಾಚಿಕೆ ಬೇಡ.

ಈಜುಕೊಳದ ದಿನ. ಲೈಫ್‌ಜಾಕೆಟ್ ಹಾಕಿ ಎತ್ತರದಿಂದ ನೀರಿಗೆ ಇಳಿಯುವಾಗ ಹಾರಬಾರದು, ಹೆಜ್ಜೆ ಇಟ್ಟ ಹಾಗೆ ಹೊರಗೆ ಕಾಲಿಡಬೇಕು. ಒಂದು ಕೈ ಮೂಗು ಬಾಯಿ ಮುಚ್ಚಿರಲಿ, ಇನ್ನೊಂದು ಕೈ ಅದರ ಮೇಲಿಂದ ಅಡ್ಡವಾಗಿ ಬಂದು ಜಾಕೆಟನ್ನು ಕೆಳಗೆ ಒತ್ತಿ ಹಿಡಿದಿರಲಿ. ಒತ್ತದಿದ್ದರೆ ನೀರಿಗೆ ಬಿದ್ದ ರಭಸಕ್ಕೆ ಜಾಕೆಟ್ ಮೇಲಕ್ಕೆ ಚಿಮ್ಮಿ ಗದ್ದಕ್ಕೆ ಹೊಡೆಯುತ್ತದೆ. ನೋಟ ನೇರ ಮುಂದೆ, ಕಾಲು ಜೋಡಿಸಿ. ಮಗುಚಿ ಬಿದ್ದ ಲೈಫ್‌ರಾಫ್ಟ್ ತಿರುಗಿಸುವಾಗ ಮೊದಲು ಗ್ಯಾಸ್ ಸಿಲಿಂಡರ್ ಇರುವ ಅಂಚು ಗಾಳಿ ಹೋಗುವ ಕಡೆ ಬರುವಂತೆ ರಾಫ್ಟನ್ನು ತಿರುಗಿಸಿಕೊಳ್ಳಿ. ಆ ಸಿಲಿಂಡರಿನ ಮೇಲೆ ನಿಂತು ರಾಫ್ಟಿನ ತಳದಲ್ಲಿರುವ ಪಟ್ಟಿ ಹಿಡಿದು ಹಿಂದಕ್ಕೆ ವಾಲಿ. ಎದುರಿನ ಅಂಚು ಎದ್ದ ಕೂಡಲೇ ಗಾಳಿ ಅದರಡಿ ನುಗ್ಗಿ ಉಳಿದ ಕೆಲಸ ಮಾಡುತ್ತದೆ. ಸಿಲಿಂಡರ್ ಆ ಕಡೆ ಇದ್ದರೆ ಅದು ನಿಮ್ಮ ತಲೆಯ ಮೇಲೆ ಬರುತ್ತದೆ. ರಾಫ್ಟ್ ಮೈಮೇಲೆ ಬಿದ್ದರೆ ಗಾಬರಿಯಾಗಬೇಡಿ, ಅಂಗಾತ ಮಲಗಿ ತಳವನ್ನು ಕೈಯಿಂದ ತಳ್ಳುತ್ತ ಹೊರಗೆ ಜಾರಿ.

ಬೆಂಕಿಯ ತರಬೇತಿಯಲ್ಲಿ ಉಸಿರಾಟದ ಸೆಟ್ಟಿನ (ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರಿನ) ಲೆಕ್ಕ ತಲೆಯಲ್ಲೇ ಮಾಡಲು ಕಲಿಯಿರಿ. ನಿಯಮದ ಪ್ರಕಾರ ಹಡಗಿನ ಸೆಟ್ಟಿನಲ್ಲಿ ಕನಿಷ್ಠ 1200 ಲೀಟರ್ ಗಾಳಿ. 200 ಲೀಟರ್ ಉಳಿದಾಗ ಸಿಳ್ಳೆ ಹೊಡೆಯುತ್ತದೆ ಅಂತಿಟ್ಟುಕೊಳ್ಳಿ. ಕೈಗೆ ಸಿಗುವುದು 1000. ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ 25 ನಿಮಿಷ, ಏದುಸಿರು ಬಿಡುತ್ತ ಹೋಸ್ ಎಳೆದು 60 ಲೀಟರ್ ಉಸಿರಾಡಿದರೆ 17 ನಿಮಿಷವೂ ಇಲ್ಲ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರದೆ ಗಾಳಿ ಸೋರುತ್ತದೆ, ಆಗ ಈ ಲೆಕ್ಕವೂ ಸುಳ್ಳು. ಸಿಳ್ಳೆ ಕೇಳುವವರೆಗೆ ಒಳಗಿರುವುದು ಧೈರ್ಯವಲ್ಲ. ವಾಪಸ್ ಬರುವ ದಾರಿಗೂ ಗಾಳಿ ಬೇಕು.

ಇನ್ನು ಹಡಗು. ಟ್ರೈನಿಂಗ್ ರೆಕಾರ್ಡ್ ಬುಕ್ಕಿನ ಒಂದು ಪುಟ ನೆನೆಸಿಕೊಳ್ಳಿ. ಎಡಗಡೆ ಕೆಲಸ, ಬಲಗಡೆ ತಾರೀಖು, ಆಫೀಸರ ಸಹಿ. ಕೊನೆಯ ವಾರ ಕೂತು ನೂರು ಸಹಿ ಒಂದೇ ಪೆನ್ನಿನಲ್ಲಿ ಹಾಕಿಸಿಕೊಂಡರೆ ಪರೀಕ್ಷಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸಹಿ ಹಾಕಿದ ಆಫೀಸರ್ ಆ ತಾರೀಖಿಗೆ ಮುಂಚೆಯೇ ಹಡಗು ಇಳಿದಿದ್ದರಂತೂ ಮುಗಿಯಿತು. ವಾರಕ್ಕೊಮ್ಮೆ, ಒಂದೇ ದಿನ ಗೊತ್ತುಮಾಡಿಕೊಂಡು ಸಹಿ ಮಾಡಿಸಿ. ಪ್ರತಿ ಪುಟದ ಫೋಟೋ ಆಗಾಗ ತೆಗೆದಿಡಿ, ಬುಕ್ಕು ನೆನೆದು ಹೋದರೆ ಬೇರೆ ಸಾಕ್ಷಿ ಇರುವುದಿಲ್ಲ.

ವಿಶ್ರಾಂತಿಯ ನಿಯಮ ಕೆಡೆಟ್ಟಿಗೂ ಅದೇ. ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು 6 ಗಂಟೆಗೆ ಕಡಿಮೆ ಇರಬಾರದು. ತಿಂಗಳ ಕೊನೆಗೆ ಶೀಟ್ ತುಂಬಿಸಿ ಸಹಿ ಕೇಳಿದರೆ ಓದಿ ಸಹಿ ಮಾಡಿ. ನಿಮ್ಮ ಜೇಬಿನ ಡೈರಿಯಲ್ಲಿ ನಿಜವಾದ ಗಂಟೆಗಳು ಇರಲಿ.

ಕೊನೆಗೆ ಇಳಿಯುವ ದಿನ. ಇಡೀ ವರ್ಷದ ಸೀ ಟೈಮ್ ನಿಂತಿರುವುದು ಒಂದು ಹಾಳೆಯ ಮೇಲೆ, ಅದೇ ಸೀ ಸರ್ವಿಸ್ ಟೆಸ್ಟಿಮೋನಿಯಲ್. ಹಡಗಿನ ಹೆಸರು, ಐಎಂಒ ನಂಬರ್ (ಹಡಗಿನ ಏಳಂಕಿಯ ಗುರುತು), ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ), ಎಂಜಿನ್ ಕಡೆಯವರಿಗೆ ಕಿಲೋವ್ಯಾಟ್ ಮತ್ತು ಎಂಜಿನ್ನಿನ ಬಗೆ, ಹತ್ತಿದ ಇಳಿದ ತಾರೀಖು ಎಲ್ಲ ಇರಬೇಕು. ಸಾಮಾನ್ಯ ಡೆಕ್ ಸಿಒಸಿಗೆ ಗಡಿ 500 ಟನ್ನೇಜ್, ಎಂಜಿನ್ನಿಗೆ 750 ಕಿಲೋವ್ಯಾಟ್, ಹಾಗಾಗಿ ಈ ಅಂಕಿಗಳನ್ನು ಹಡಗಿನ ಸರ್ಟಿಫಿಕೇಟ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಐಎಂಒ ನಂಬರ್ ತಪ್ಪು ಟೈಪ್ ಆಗಿದೆಯೇ ಅಂತ ನೀವೇ ಹಿಡಿಯಬಹುದು. ಉದಾಹರಣೆಗೆ 9074729. ಮೊದಲ ಆರು ಅಂಕಿಯನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿದರೆ 139. ಅದರ ಕೊನೆಯ ಅಂಕಿ 9, ನಂಬರಿನ ಏಳನೆಯ ಅಂಕಿಯೂ 9. ಹೊಂದದಿದ್ದರೆ ಎಲ್ಲೋ ತಪ್ಪಾಗಿದೆ.

ಡೆಕ್ ಕೆಡೆಟ್‌ಗಳು ಇನ್ನೊಂದು ಸಾಲು ಹುಡುಕಿ: ಕ್ಯಾಪ್ಟನ್ ಅಥವಾ ಅರ್ಹ ಆಫೀಸರ ಮೇಲ್ವಿಚಾರಣೆಯಲ್ಲಿ ಕನಿಷ್ಠ 6 ತಿಂಗಳು ಬ್ರಿಡ್ಜ್ ವಾಚ್ ಮಾಡಿದ್ದಾರೆ ಅನ್ನುವ ಸಾಲು. ಟೆಂಪ್ಲೇಟಿನಲ್ಲಿ ಇದು ಬಿಟ್ಟುಹೋಗುವುದು ಸಾಮಾನ್ಯ, ಇದಿಲ್ಲದೆ ಅರ್ಜಿ ವಾಪಸ್ ಬರುವುದೂ ಅಷ್ಟೇ ಸಾಮಾನ್ಯ. ಆಗ ಕ್ಯಾಪ್ಟನ್ ಯಾವ ಸಮುದ್ರದಲ್ಲಿರುತ್ತಾರೋ. ಆದ್ದರಿಂದ ಇಳಿಯುವ ಮೂರು ದಿನ ಮುಂಚೆಯೇ ಕರಡು ಹಾಳೆ ಕ್ಯಾಪ್ಟನ್ ಮೇಜಿನ ಮೇಲಿರಲಿ. ಸಹಿ, ಸೀಲು ಎರಡೂ ಬಿದ್ದ ಮೂಲಪ್ರತಿ ಹ್ಯಾಂಡ್ ಬ್ಯಾಗಿಗೆ ಹೋಗಲಿ, ಚೆಕ್ ಇನ್ ಸೂಟ್‌ಕೇಸಿಗಲ್ಲ. ಸ್ಕ್ಯಾನ್ ಪ್ರತಿ ಕಾಲೇಜಿನ ಇಮೇಲ್ ಸೇರಿದ ಮೇಲೆ ಗ್ಯಾಂಗ್‌ವೇ (ಹಡಗಿನಿಂದ ದಡಕ್ಕಿಳಿಯುವ ಮೆಟ್ಟಿಲು) ಇಳಿಯಿರಿ.