ಗಿಟಾರ್ ಕಲಿಕೆ: ಒಂದು ಕಾರ್ಡಿನಿಂದ ಮತ್ತೊಂದಕ್ಕೆ

ಕೇಳುಗರಿಗೆ ನಮಸ್ಕಾರ.

ಗಿಟಾರ್ ಕೈಗೆ ಬಂದು ಒಂದೆರಡು ತಿಂಗಳಾಗಿರುತ್ತದೆ. ಕಾರ್ಡುಗಳಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳಲ್ಲಿ, ಜಿ ಬರುತ್ತದೆ, ಸಿ ಬರುತ್ತದೆ, ಡಿ ಕೂಡ ಬರುತ್ತದೆ. ಒಂದೊಂದನ್ನೇ ಹಿಡಿದು ಮೀಟಿದರೆ ಚೆನ್ನಾಗಿಯೇ ಕೇಳುತ್ತದೆ. ಹಾಡು ಮಾತ್ರ ಬರುವುದಿಲ್ಲ. ಇವತ್ತಿನ ಮಾತು ಅಂಥವರಿಗೆ. ಗಿಟಾರ್ ಹತ್ತಿರದಲ್ಲಿದ್ದರೆ ತೊಡೆಯ ಮೇಲಿಟ್ಟುಕೊಳ್ಳಿ. ಇಲ್ಲವೆಂದರೆ ಪೆನ್ನು, ಹಾಳೆ ಇರಲಿ. ಬೆರಳು ಎಲ್ಲಿಡಬೇಕು ಅನ್ನುವುದನ್ನು ಬಾಯಲ್ಲೇ ಹೇಳಬೇಕಾಗಿದೆ, ಬರೆದುಕೊಂಡರೆ ಒಳ್ಳೆಯದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಇದನ್ನೇ ಹೇಳುತ್ತಿರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಭ್ಯಾಸ ಮಾಡಬೇಕಾದದ್ದು ಬದಲಾವಣೆಯನ್ನು. ಒಂದು ಕಾರ್ಡಿನಿಂದ ಇನ್ನೊಂದು ಕಾರ್ಡಿಗೆ ಕೈ ಹೋಗುತ್ತದಲ್ಲ, ಆ ಅರ್ಧ ಸೆಕೆಂಡನ್ನು. ನೂರು ಕಾರ್ಡುಗಳ ಚಾರ್ಟು ತಂದು ಗೋಡೆಗೆ ಅಂಟಿಸುವವರಿದ್ದಾರೆ. ದಯವಿಟ್ಟು ಅದನ್ನು ಕಿತ್ತು ಮಡಚಿಡಿ. ನಾಲ್ಕು ಕಾರ್ಡು, ಅವುಗಳ ನಡುವಿನ ಓಡಾಟ. ಮೊದಲ ಮೂರು ತಿಂಗಳಿಗೆ ಅಷ್ಟೇ ಸಾಕು.

ಯಾವ ನಾಲ್ಕು? ಸರಿಗಮ ಗೊತ್ತಿದ್ದವರಿಗೆ ಇದು ಒಂದು ನಿಮಿಷದ ಕೆಲಸ. ಜಿ ಸ್ವರವನ್ನು ಷಡ್ಜ ಅಂದುಕೊಳ್ಳಿ. ಶಂಕರಾಭರಣದ ಸ್ವರಗಳನ್ನು ಹಾಡಿಕೊಂಡು ಹೋದರೆ ಮಧ್ಯಮ ಬಂದು ಕೂರುವುದು ಸಿ ಮೇಲೆ, ಪಂಚಮ ಡಿ ಮೇಲೆ, ಧೈವತ ಇ ಮೇಲೆ. ಒಂದೊಂದು ಸ್ವರದ ಮೇಲೂ ಒಂದು ಬಿಟ್ಟು ಒಂದರಂತೆ ಇನ್ನೆರಡು ಸ್ವರ ಪೇರಿಸಿದರೆ ಕಾರ್ಡು ಆಯಿತು. ಸ-ಗ-ಪ ಒಟ್ಟಿಗೆ ನುಡಿಸಿದರೆ ಜಿ ಮೇಜರ್. ದ-ಸ-ಗ ಒಟ್ಟಿಗೆ ನುಡಿಸಿದರೆ ಇ ಮೈನರ್. ಪಾಶ್ಚಾತ್ಯ ಸಂಗೀತದವರು ಇವನ್ನು ಅಂಕಿಗಳಿಂದ ಕರೆಯುತ್ತಾರೆ: ಷಡ್ಜದ ಕಾರ್ಡು ಒಂದು, ಮಧ್ಯಮದ್ದು ನಾಲ್ಕು, ಪಂಚಮದ್ದು ಐದು, ಧೈವತದ್ದು ಆರು. ಒಂದು-ನಾಲ್ಕು-ಐದು ಅಂದರೆ ಜಿ, ಸಿ, ಡಿ. ಒಂದು-ಐದು-ಆರು-ನಾಲ್ಕು ಅಂದರೆ ಜಿ, ಡಿ, ಇ ಮೈನರ್, ಸಿ. ಒಂದು-ಆರು-ನಾಲ್ಕು-ಐದು ಅಂದರೆ ಜಿ, ಇ ಮೈನರ್, ಸಿ, ಡಿ. ಈ ಮೂರು ಸಾಲುಗಳು ಎಷ್ಟು ಹಾಡುಗಳಿಗೆ ಹೊಂದುತ್ತವೆ ಅನ್ನುವುದನ್ನು ಕೇಳಿ ತಿಳಿಯುವುದಕ್ಕಿಂತ ನುಡಿಸಿ ನೋಡಿ, ನಿಮಗೇ ನಗು ಬರುತ್ತದೆ. ಸಾಲು ಮೂರಾದರೂ ಒಳಗಿರುವುದು ಅದೇ ನಾಲ್ಕು ಕಾರ್ಡು, ಗಮನಿಸಿ.

ಈಗ ಬೆರಳು. ದಪ್ಪ ತಂತಿ ಆರನೆಯದು, ತೀರಾ ತೆಳುವಾದದ್ದು ಒಂದನೆಯದು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳೇ ಫ್ರೆಟ್, ಎಣಿಕೆ ತಲೆಯ ಕಡೆಯಿಂದ. ಪುಸ್ತಕಗಳಲ್ಲಿ ಜಿ ಕಾರ್ಡಿಗೆ ಮೂರು ಬೆರಳು ತೋರಿಸಿರುತ್ತಾರೆ. ನೀವು ನಾಲ್ಕನ್ನೂ ಹಾಕಿ. ನಡುಬೆರಳು ಆರನೇ ತಂತಿ, ಮೂರನೇ ಫ್ರೆಟ್. ತೋರುಬೆರಳು ಐದನೇ ತಂತಿ, ಎರಡನೇ ಫ್ರೆಟ್. ಉಂಗುರದ ಬೆರಳು ಎರಡನೇ ತಂತಿ, ಮೂರನೇ ಫ್ರೆಟ್. ಕಿರುಬೆರಳು ಒಂದನೇ ತಂತಿ, ಮೂರನೇ ಫ್ರೆಟ್. ಕಷ್ಟ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಮುಂದೆ ಏನಾಗುತ್ತದೆ ನೋಡಿ.

ಉಂಗುರದ ಬೆರಳು, ಕಿರುಬೆರಳು ಇದ್ದಲ್ಲೇ ಇರಲಿ. ಉಳಿದೆರಡು ಬೆರಳುಗಳನ್ನು ಅದೇ ಆಕಾರದಲ್ಲಿ ಒಂದು ತಂತಿ ಕೆಳಕ್ಕೆ ಸರಿಸಿ. ನಡುಬೆರಳು ಐದನೇ ತಂತಿಯ ಮೂರನೇ ಫ್ರೆಟ್ಟಿಗೆ, ತೋರುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿಗೆ ಬಂತು. ಆರನೇ ತಂತಿ ಬಿಟ್ಟು ಮೀಟಿ. ಇದು ಸಿ ಆ್ಯಡ್ ನೈನ್, ಸಿ ಇರಬೇಕಾದ ಕಡೆಯಲ್ಲೆಲ್ಲ ಸದ್ಯಕ್ಕೆ ಇದೇ ನಡೆಯುತ್ತದೆ. ಇ ಮೈನರ್ ಬೇಕೇ? ತೋರುಬೆರಳು ಐದನೇ ತಂತಿ ಎರಡನೇ ಫ್ರೆಟ್, ನಡುಬೆರಳು ನಾಲ್ಕನೇ ತಂತಿ ಎರಡನೇ ಫ್ರೆಟ್, ಉಳಿದೆರಡು ಕದಲುವುದೇ ಇಲ್ಲ. ಹೆಸರು ಇ ಮೈನರ್ ಸೆವೆನ್. ಇನ್ನು ಡಿ: ಕಿರುಬೆರಳು ಎತ್ತಿ, ತೋರುಬೆರಳು ಮೂರನೇ ತಂತಿ ಎರಡನೇ ಫ್ರೆಟ್ಟಿಗೆ, ನಡುಬೆರಳು ಒಂದನೇ ತಂತಿ ಎರಡನೇ ಫ್ರೆಟ್ಟಿಗೆ. ಮೀಟುವುದು ಕೆಳಗಿನ ನಾಲ್ಕು ತಂತಿ ಮಾತ್ರ.

ಉಂಗುರದ ಬೆರಳು ಎಲ್ಲಿದೆ ನೋಡಿ. ಎರಡನೇ ತಂತಿ, ಮೂರನೇ ಫ್ರೆಟ್. ನಾಲ್ಕು ಕಾರ್ಡು ಮುಗಿದರೂ ಅದು ಕೂತ ಜಾಗ ಬಿಟ್ಟಿಲ್ಲ. ಅದನ್ನು ಎತ್ತುವುದೇ ಬೇಡ. ಹೆಚ್ಚಿನವರು ಕಾರ್ಡು ಬದಲಿಸುವಾಗ ಎಲ್ಲ ಬೆರಳುಗಳನ್ನೂ ಒಟ್ಟಿಗೆ ಗಾಳಿಗೆ ಎತ್ತಿ, ಮತ್ತೆ ಒಂದೊಂದನ್ನೇ ಹುಡುಕಿ ಇಳಿಸುತ್ತಾರೆ. ತಡವಾಗುವುದು ಅಲ್ಲೇ. ಎರಡು ಕಾರ್ಡುಗಳಿಗೂ ಸಾಮಾನ್ಯವಾದ ಬೆರಳು ಯಾವುದು ಎಂದು ಮೊದಲು ನೋಡಿ, ಅದನ್ನು ನೆಟ್ಟು ಉಳಿದವನ್ನು ಸರಿಸಿ. ಸಿ ಮೇಜರ್‌ನ ಗುಂಪಿನಲ್ಲೂ ಇದೇ. ಮಾಮೂಲಿ ಸಿ ಹಿಡಿದು ಎ ಮೈನರ್‌ಗೆ ಹೋಗಬೇಕಾದರೆ ಉಂಗುರದ ಬೆರಳೊಂದೇ ಐದನೇ ತಂತಿಯ ಮೂರನೇ ಫ್ರೆಟ್ಟಿನಿಂದ ಮೂರನೇ ತಂತಿಯ ಎರಡನೇ ಫ್ರೆಟ್ಟಿಗೆ ಬರಬೇಕು. ಇನ್ನೆರಡು ಬೆರಳು ಹಾಗೆಯೇ ಇರುತ್ತವೆ. ಎಷ್ಟೋ ಜನ ಇದನ್ನು ವರ್ಷಗಟ್ಟಲೆ ಗಮನಿಸದೆ ಮೂರನ್ನೂ ಎತ್ತುತ್ತಾರೆ.

ಜಾಗ ಬದಲಿಸಲೇಬೇಕಾದ ಬೆರಳುಗಳಲ್ಲಿ ದಪ್ಪ ತಂತಿಯ ಬೆರಳು ಮೊದಲು ಇಳಿಯಲಿ. ಮೇಲಿಂದ ಕೆಳಕ್ಕೆ ಮೀಟುವಾಗ ಮೊದಲು ನುಡಿಯುವುದು ಆ ತಂತಿ. ತೆಳು ತಂತಿಯ ಬೆರಳು ಕೂದಲೆಳೆಯಷ್ಟು ತಡವಾದರೂ ಕಿವಿಗೆ ಗೊತ್ತಾಗುವುದಿಲ್ಲ, ಮಂದ್ರದ ಸ್ವರ ತಡವಾದರೆ ಪೂರ್ತಿ ಕಾರ್ಡೇ ಮುಗ್ಗರಿಸಿದಂತೆ ಕೇಳುತ್ತದೆ.

ಇನ್ನು ಬಲಗೈ. ಬಲಗೈ ನಿಲ್ಲಬಾರದು. ಎಡಗೈ ತಯಾರಾಗಲಿ ಎಂದು ಬಲಗೈ ಕಾಯುತ್ತದಲ್ಲ, ಹಾಡು ಕೆಡುವುದು ಆ ಕಾಯುವಿಕೆಯಿಂದಲೇ. ನಾಲ್ಕು ಎಣಿಕೆ ಇಟ್ಟುಕೊಳ್ಳಿ, ಎಣಿಕೆಗೊಂದರಂತೆ ಕೆಳಮುಖವಾಗಿ ನಾಲ್ಕು ಮೀಟು. ನಾಲ್ಕನೇ ಮೀಟು ಆದ ತಕ್ಷಣ ಎಡಗೈ ಹೊರಡಲಿ. ಮುಂದಿನ ಒಂದಕ್ಕೆ ಬೆರಳು ಸೇರಿರಲಿ, ಸೇರದಿರಲಿ, ಬಲಗೈ ಮೀಟಲೇಬೇಕು. ಅರ್ಧ ಕಾರ್ಡು ಕೇಳಿದರೆ ಕೇಳಲಿ. ಖಾಲಿ ತಂತಿ ನುಡಿದರೆ ನುಡಿಯಲಿ. ಇ, ಎ, ಡಿ, ಜಿ, ಬಿ, ಇ: ಈ ಖಾಲಿ ತಂತಿಗಳ ಸ್ವರಗಳೆಲ್ಲ ಜಿ ಮೇಜರ್ ಸ್ವರಶ್ರೇಣಿಗೆ ಸೇರಿದವೇ. ಜಿ ಷಡ್ಜವಾದರೆ ಅವು ಸ-ರಿ-ಗ-ಪ-ದ, ಅಂದರೆ ಸಾಕ್ಷಾತ್ ಮೋಹನ ರಾಗ. ನಡುವೆ ಒಂದು ಖಾಲಿ ಮೀಟು ಬಿದ್ದರೆ ಕಿವಿಗೆ ಅಪಸ್ವರ ಅನ್ನಿಸುವುದಿಲ್ಲ. ತಾಳ ತಪ್ಪಿದರೆ ಮಾತ್ರ ಪಕ್ಕದ ಕೋಣೆಯವರಿಗೂ ಗೊತ್ತಾಗುತ್ತದೆ.

ತಾಳ ಎಣಿಸಿಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಡಿ, ಕಾರ್ಡಿಗೆ ನಾಲ್ಕು ಮೀಟು. ಎಡವಿದರೆ 50ಕ್ಕೆ ಇಳಿಸಿ. ಸತತ ನಾಲ್ಕು ಸುತ್ತು ತಪ್ಪಿಲ್ಲದೆ ಬಂದರೆ 5 ಏರಿಸಿ. ಇದರ ಜೊತೆಗೆ ದಿನಕ್ಕೊಂದು ಪರೀಕ್ಷೆ: ಎರಡೇ ಕಾರ್ಡು ಆರಿಸಿಕೊಳ್ಳಿ, ಗಡಿಯಾರದಲ್ಲಿ ಒಂದು ನಿಮಿಷ, ಎಷ್ಟು ಬಾರಿ ಬದಲಿಸಿದಿರಿ ಎಣಿಸಿ. 30 ಬದಲಾವಣೆ ಬಂದರೆ ಆ ಜೋಡಿ ಹಾಡಿಗೆ ಸಿದ್ಧ. ಲೆಕ್ಕ ಸುಲಭ, 120ರ ವೇಗದ ಹಾಡಿನಲ್ಲೂ ನಾಲ್ಕು ಎಣಿಕೆಗೊಂದು ಕಾರ್ಡು ಎಂದರೆ ನಿಮಿಷಕ್ಕೆ 30 ಬದಲಾವಣೆಯೇ. ದಿನಕ್ಕೆ ಮೂರು ಜೋಡಿ, ಜೋಡಿಗೆ ಎರಡು ನಿಮಿಷ. ಭಾನುವಾರ ಒಂದೇ ಸಲ ಎರಡು ಗಂಟೆ ಕೂರುವುದಕ್ಕಿಂತ ದಿನವೂ ಹದಿನೈದು ನಿಮಿಷ ಮೇಲು. ಬೆರಳ ತುದಿ ಗಟ್ಟಿಯಾಗುವುದೂ ಹಾಗೆಯೇ, ಎರಡು ಮೂರು ವಾರ ಬೇಕು.

ಇಷ್ಟು ಹೇಳಿದ ಮೇಲೆ ಒಂದು ದೂರು ಬಂದೇ ಬರುತ್ತದೆ: ನನ್ನ ಬೆರಳು ಗಿಡ್ಡ, ನನ್ನ ಬೆರಳು ದಪ್ಪ, ಕಿರುಬೆರಳಿಗೆ ಶಕ್ತಿಯೇ ಇಲ್ಲ. ಅಂಥವರು ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಕಥೆ ಕೇಳಬೇಕು. ಹುಟ್ಟಿದ್ದು 1910ರಲ್ಲಿ, ಬೆಲ್ಜಿಯಂನಲ್ಲಿ, ಊರೂರು ತಿರುಗುವ ರೊಮಾನಿ ಜನರ ಕುಟುಂಬದಲ್ಲಿ. ಚಿಕ್ಕ ವಯಸ್ಸಿಗೇ ಬ್ಯಾಂಜೋ ನುಡಿಸಿ ಸಂಪಾದಿಸುತ್ತಿದ್ದರು. 1928ರಲ್ಲಿ, ಹದಿನೆಂಟರ ಹರೆಯದಲ್ಲಿ, ವಾಸವಿದ್ದ ಗಾಡಿಗೆ ಬೆಂಕಿ ಬಿತ್ತು. ಗಾಡಿಯ ತುಂಬ ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು, ಹೊತ್ತಿಕೊಳ್ಳುವುದಕ್ಕೆ ಒಂದು ಮೇಣದ ಬತ್ತಿ ಸಾಕಾಯಿತು. ಜೀವ ಉಳಿಯಿತು. ಆದರೆ ಎಡಗೈಯ ಉಂಗುರದ ಬೆರಳು, ಕಿರುಬೆರಳು ಸುಟ್ಟು ಸೆಟೆದುಹೋದವು. ಚೇತರಿಕೆಗೆ ತಿಂಗಳುಗಳೇ ಹಿಡಿದವು. ಆ ಹೊತ್ತಿನಲ್ಲಿ ಅವರ ತಮ್ಮ ಒಂದು ಗಿಟಾರ್ ತಂದುಕೊಟ್ಟ. ಜಾಂಗೋ ಎರಡೇ ಬೆರಳಿನಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಿದರು. ಸ್ವರಗಳ ಓಟವೆಲ್ಲ ತೋರುಬೆರಳು, ನಡುಬೆರಳಿನಲ್ಲಿ. ಸೆಟೆದ ಬೆರಳುಗಳನ್ನು ಕಾರ್ಡುಗಳಲ್ಲಿ ತೆಳು ತಂತಿಗಳ ಮೇಲೆ ಒರಗಿಸಿ ಬಳಸುತ್ತಿದ್ದರು. 1934ರಲ್ಲಿ ಪ್ಯಾರಿಸ್‌ನಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಜೊತೆ ಕಟ್ಟಿದ ತಂಡದ ಧ್ವನಿಮುದ್ರಣಗಳನ್ನು ಕೇಳಿ, ಎರಡು ಬೆರಳು ಅಂದರೆ ಯಾರೂ ನಂಬುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. 1960ರ ದಶಕ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯ ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ. ಬಲಗೈಯ ನಡುಬೆರಳು, ಉಂಗುರದ ಬೆರಳುಗಳ ತುದಿ ಹೋದವು. ಹುಡುಗ ಎಡಚ, ಅಂದರೆ ಕಾರ್ಡು ಹಿಡಿಯುವ ಕೈಯೇ ಅದು. ಗಿಟಾರ್ ಮುಗಿಯಿತು ಎಂದು ಮನೆಯಲ್ಲಿ ಕೂತಿದ್ದಾಗ ಕಾರ್ಖಾನೆಯ ಮೇಲಧಿಕಾರಿ ಒಂದು ರೆಕಾರ್ಡು ತಂದು ಕೇಳಿಸಿದರು, ಆಮೇಲೆ ನುಡಿಸಿದವರ ಕೈಯ ವಿಷಯ ಹೇಳಿದರು. ರೆಕಾರ್ಡು ಯಾರದು ಎಂದು ಹೇಳಬೇಕಾಗಿಲ್ಲ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಜಾರದಂತೆ ಅದಕ್ಕೆ ಚರ್ಮ ಅಂಟಿಸಿದರು, ತೆಳು ತಂತಿ ಹಾಕಿದರು, ಮುಂದೆ ತಂತಿ ಸಡಿಲವಾಗಲಿ ಎಂದು ಶ್ರುತಿಯನ್ನೇ ಇಳಿಸಿದರು. ಅವರು ಗಿಟಾರ್ ನುಡಿಸಿದ ಬ್ಲ್ಯಾಕ್ ಸಬ್ಬತ್ ಎಂಬ ಹೆವಿ ಮೆಟಲ್ ತಂಡದ ಆ ಭಾರವಾದ ನಾದದಲ್ಲಿ ಇದೆಲ್ಲದರ ಪಾಲಿದೆ. ಕೈ ಹೇಗಿದೆಯೋ ಹಾಗೆ ಇಟ್ಟುಕೊಂಡು, ಅದಕ್ಕೆ ಎಷ್ಟು ಕಡಿಮೆ ಚಲನೆಯಲ್ಲಿ ಕೆಲಸ ಆಗುತ್ತದೆ ಎಂದು ಇಬ್ಬರೂ ನೋಡಿದರು. ನಿಮಗೆ ಹತ್ತೂ ಬೆರಳು ನೆಟ್ಟಗಿವೆಯಲ್ಲ?

ಕಥೆಗೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ತಂತಿ ಜುಂಯ್‌ಗುಟ್ಟಿದರೆ ಬೆರಳು ಫ್ರೆಟ್ ಪಟ್ಟಿಯಿಂದ ದೂರ ಕೂತಿದೆ. ಪಟ್ಟಿಯ ಬೆನ್ನಿಗೇ ತಂದಿಡಿ, ಅರ್ಧ ಬಲ ಸಾಕಾಗುತ್ತದೆ. ತಂತಿ ಮೂಕವಾದರೆ ಪಕ್ಕದ ಬೆರಳು ಮಲಗಿ ತಾಗುತ್ತಿದೆ. ಉಗುರು ಕತ್ತರಿಸಿ, ಬೆರಳನ್ನು ತುದಿಯ ಮೇಲೆ ನಿಲ್ಲಿಸಿ. ಎಷ್ಟು ಒತ್ತಿದರೂ ನೋವೇ ಆದರೆ ತಪ್ಪು ನಿಮ್ಮದಾಗಿರಲಿಕ್ಕಿಲ್ಲ. ಹನ್ನೆರಡನೇ ಫ್ರೆಟ್ಟಿನ ಮೇಲೆ ಆರನೇ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಸ್ಕೇಲು ಹಿಡಿದು ನೋಡಿ. ಎರಡೂವರೆ ಮಿಲಿಮೀಟರ್ ಸುತ್ತಮುತ್ತ ಇದ್ದರೆ ಸರಿ. ನಾಲ್ಕು ಇದ್ದರೆ ಗಿಟಾರ್ ರಿಪೇರಿ ಬಲ್ಲವರಿಗೆ ಕೊಟ್ಟು ಇಳಿಸಿಕೊಳ್ಳಿ, ಅದಕ್ಕೆ ಮೊದಲು ಅಭ್ಯಾಸ ಹೆಚ್ಚಿಸಬೇಡಿ.

ಹಾಡುವ ಶ್ರುತಿಗೆ ಜಿ ಹೊಂದದಿದ್ದರೆ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿ. ಎರಡನೇ ಫ್ರೆಟ್ಟಿಗೆ ಹಾಕಿದರೆ ಇದೇ ಬೆರಳುಗಳಲ್ಲಿ ಎ ಮೇಜರ್, ನಾಲ್ಕನೆಯದಕ್ಕೆ ಹಾಕಿದರೆ ಬಿ ಮೇಜರ್. ಹೊಸ ಕಾರ್ಡು ಕಲಿಯುವ ಅಗತ್ಯವಿಲ್ಲ.

ಬ್ಲೂಸ್ ಇಷ್ಟಪಡುವವರು ಬರೆದುಕೊಳ್ಳಿ, ಹನ್ನೆರಡು ಆವರ್ತ: ಎ ನಾಲ್ಕು, ಡಿ ಎರಡು, ಎ ಎರಡು, ಇ ಒಂದು, ಡಿ ಒಂದು, ಎ ಎರಡು. ಒಂದು-ನಾಲ್ಕು-ಐದೇ ಇದು, ಷಡ್ಜ ಎ ಆಗಿದೆ ಅಷ್ಟೇ. ಇಲ್ಲಿ ಎಡವುವುದು ಒಂಬತ್ತು, ಹತ್ತನೇ ಆವರ್ತದಲ್ಲಿ, ಯಾಕೆಂದರೆ ಅಲ್ಲಿ ಬದಲಾವಣೆ ಬೆನ್ನುಬೆನ್ನಿಗೆ ಬರುತ್ತದೆ. ಇ-ಡಿ-ಎ ಭಾಗವನ್ನು ಪ್ರತ್ಯೇಕ ತೆಗೆದು ಅಭ್ಯಾಸ ಮಾಡಿ.

ಮತ್ತೆ ಆ ಎಫ್. ಬ್ಯಾರೆ ಕಾರ್ಡು, ಅಂದರೆ ಒಂದೇ ಬೆರಳನ್ನು ಅಡ್ಡ ಮಲಗಿಸಿ ಹಲವು ತಂತಿ ಒತ್ತುವ ಕಾರ್ಡು, ಬಾರದೆ ಗಿಟಾರ್ ಮೂಲೆಗಿಟ್ಟವರು ಬಹಳ. ಸದ್ಯಕ್ಕೆ ಬ್ಯಾರೆ ಬಿಡಿ, ಎಫ್ ಮೇಜರ್ ಸೆವೆನ್ ಹಿಡಿಯಿರಿ: ಸಿ ಕಾರ್ಡಿನಲ್ಲಿ ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್ಟಿನಲ್ಲೇ ಇರಲಿ, ನಡುಬೆರಳು ನಾಲ್ಕನೇ ತಂತಿಯಿಂದ ಮೂರನೆಯದಕ್ಕೆ, ಉಂಗುರದ ಬೆರಳು ಐದರಿಂದ ನಾಲ್ಕಕ್ಕೆ, ಫ್ರೆಟ್ ಅವೇ. ಮೀಟುವುದು ನಾಲ್ಕು ತಂತಿ. ಸಿ, ಎಫ್, ಸಿ, ಎಫ್, ಇವತ್ತು ರಾತ್ರಿಯೇ ಒಂದು ನಿಮಿಷ ಎಣಿಸಿ ನೋಡಿ. ನಮಸ್ಕಾರ.