ಬಾಡಿಗೆ ಡೆಪಾಸಿಟ್ಟೂ ಕೌಂಟಿ ಕೋರ್ಟೂ

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಕನ್ನಡಿಗರಲ್ಲಿ ಅನೇಕರಿಗೆ ಕೋರ್ಟು ಅಂದರೆ ದಿಗಿಲು. ವೀಸಾ ಮೇಲೆ ಬಂದವರಿಗಂತೂ ಇನ್ನೂ ಜಾಸ್ತಿ. ಈ ಹೆದರಿಕೆಯಿಂದ ಎಷ್ಟೋ ಜನ ತಮಗೆ ಬರಬೇಕಾದ ಹಣವನ್ನೇ ಬಿಟ್ಟುಬಿಡುತ್ತಾರೆ. ಅದು ನನಗೆ ಬಹಳ ಬೇಸರದ ವಿಷಯ.

ಈ ರಾಜ್ಯದಲ್ಲಿ 58 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಒಂದೊಂದರಲ್ಲೂ ಒಂದು ಸುಪೀರಿಯರ್ ಕೋರ್ಟು. ಸಾಕ್ಷಿ ಕೇಳುವುದು, ಜ್ಯೂರಿ ಕೂರುವುದು, ಮೊದಲ ತೀರ್ಪು ಬರುವುದು ಎಲ್ಲ ಅಲ್ಲೇ. ಕೊಲೆ ಕೇಸೂ ಅಲ್ಲೇ, ಜೋರಾಗಿ ಕಾರು ಓಡಿಸಿದ್ದಕ್ಕೆ ಬಂದ ಟಿಕೆಟ್ಟೂ ಅಲ್ಲೇ. ಉಯಿಲು, ಮಕ್ಕಳ ಪಾಲನೆ, ವಿಚ್ಛೇದನವೂ ಅಲ್ಲೇ. ಮದುವೆ ಧಾರವಾಡದಲ್ಲಿ ಆಗಿದ್ದರೂ ಪರವಾಗಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ವಾಸವಿದ್ದರೆ ವಿಚ್ಛೇದನಕ್ಕೆ ಅರ್ಜಿ ಹಾಕಬಹುದು.

ಆದರೆ ನಮ್ಮವರಿಗೆ ತುಂಬಾ ಬೇಕಾಗುವುದು ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ಹಣದ ತಕರಾರು ಕೇಳುವ ವಿಭಾಗ. ಬಾಡಿಗೆ ಡೆಪಾಸಿಟ್ಟನ್ನೇ ತೆಗೆದುಕೊಳ್ಳಿ. ಮನೆ ಖಾಲಿ ಮಾಡಿದ 21 ದಿನದೊಳಗೆ ಮಾಲೀಕರು ಡೆಪಾಸಿಟ್ ಹಿಂದಿರುಗಿಸಬೇಕು. ಹಣ ಹಿಡಿದುಕೊಂಡರೆ, ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಬೇಕು. ಎರಡೂ ಮಾಡದಿದ್ದರೆ ಮೊದಲು ಪತ್ರ ಬರೆದು ಕೇಳಿ. ಆಗಲೂ ಜಗ್ಗದಿದ್ದರೆ ದಾವೆ ಹೂಡಿ. 12,500 ಡಾಲರ್‌ವರೆಗೆ ಕೇಳಬಹುದು. ಶುಲ್ಕ ಸಾಮಾನ್ಯವಾಗಿ 30ರಿಂದ 75 ಡಾಲರ್. ವಿಚಾರಣೆಗೆ ವಕೀಲರು ಬರುವ ಹಾಗಿಲ್ಲ, ಎದುರಿನವರ ವಕೀಲರೂ ಅಷ್ಟೇ. ದಾವೆ ಹೂಡಲು ಇಲ್ಲಿನ ಪೌರರೇ ಆಗಿರಬೇಕೆಂದಿಲ್ಲ. ಬಾಡಿಗೆ ಕರಾರು, ಮನೆ ಬಿಡುವಾಗ ತೆಗೆದ ಫೋಟೊ, ಇಮೇಲ್ ಪ್ರತಿ ಇವೆಲ್ಲ ಜೋಪಾನವಾಗಿರಲಿ. ಕೇಸು ನಿಲ್ಲುವುದೇ ಇವುಗಳ ಮೇಲೆ.

ಎರಡು ಮಾತು ಮೊದಲೇ ತಿಳಿದಿರಲಿ. ದಾವೆ ಹೂಡಿದ ನೀವೇ ಸೋತರೆ ಅಪೀಲಿಗೆ ಅವಕಾಶವಿಲ್ಲ. ಗೆದ್ದರೂ ಹಣ ವಸೂಲಿ ಮಾಡಿಕೊಳ್ಳಬೇಕಾದವರು ನೀವೇ. ಕೋರ್ಟು ಅದಕ್ಕೆ ಬೇಕಾದ ಆದೇಶ ಕೊಡುತ್ತದೆ.

ಹಾಗಂತ ಎಲ್ಲವೂ ಇಲ್ಲಿ ಆಗುವುದಿಲ್ಲ. ವೀಸಾ, ಗ್ರೀನ್ ಕಾರ್ಡ್, ದಿವಾಳಿ ಅರ್ಜಿ ಇವೆಲ್ಲ ಫೆಡರಲ್ ಸರ್ಕಾರದ ವ್ಯಾಪ್ತಿ. ಮೈಸೂರಿನ ಸೈಟಿನ ಖಾತೆಯನ್ನು ಸ್ಯಾನ್ ಹೊಸೆಯ ಜಡ್ಜ್ ಬದಲಿಸಲಾರರು.

ಊರಿನಿಂದ ಬಂದ ಅಪ್ಪ ಅಮ್ಮ ಸಾಕ್ಷಿ ಹೇಳಬೇಕಾಗಿ ಬಂದರೆ ಕನ್ನಡ ದುಭಾಷಿ ಬೇಕೆಂದು ಕೋರ್ಟಿಗೆ ಅರ್ಜಿ ಕೊಡಬಹುದು. ಕನ್ನಡ ಬಲ್ಲ ದುಭಾಷಿಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ವಿಚಾರಣೆಯ ದಿನ ಗೊತ್ತಾದ ಕೂಡಲೇ ಕೇಳಿಬಿಡಿ. ನಮಸ್ಕಾರ.