ತೆರೆದ ಜೀಪಿನ ಮೇಲೆ ಯಾರು, ಮತಯಂತ್ರದಲ್ಲಿ ಯಾರು

ಕೇಳುಗರಿಗೆ ನಮಸ್ಕಾರ.

2019ರ ಏಪ್ರಿಲ್ ತಿಂಗಳು. ಮದ್ದೂರು ತಾಲ್ಲೂಕಿನ ನಮ್ಮೂರು. ಲೋಕಸಭಾ ಚುನಾವಣೆಯ ಪ್ರಚಾರ. ಬೆಳಗ್ಗೆ ಹನ್ನೊಂದಕ್ಕೆ ಬರಬೇಕಿದ್ದ ನಟ ಮಧ್ಯಾಹ್ನ ಮೂರಾದರೂ ಬಂದಿರಲಿಲ್ಲ. ಬಿಸಿಲಿಗೆ ರಸ್ತೆಯ ಟಾರು ಕಾಲಿಗೆ ಅಂಟುತ್ತಿತ್ತು. ಆದರೂ ಒಬ್ಬರೂ ಮನೆ ಕಡೆ ಹೊರಡಲಿಲ್ಲ. ಹುಡುಗರೆಲ್ಲ ಟ್ರ್ಯಾಕ್ಟರ್ ಮೇಲೆ, ಹೆಂಗಸರೆಲ್ಲ ಹಾಲಿನ ಡೇರಿಯ ಜಗಲಿ ಮೇಲೆ. ಜೆಸಿಬಿಗೆ ಸೇಬಿನ ಹಾರ ನೇತುಹಾಕಿಕೊಂಡು ಕಾಯುತ್ತಿದ್ದರು. ಕೊನೆಗೂ ತೆರೆದ ಜೀಪು ಬಂತು. ಮೂರು ನಿಮಿಷ ನಿಂತಿರಬಹುದು. ನಟ ಕೈ ಮುಗಿದರು, ನಾಲ್ಕು ಮಾತಾಡಿದರು, ಮುಂದಿನ ಊರಿಗೆ ಹೋದರು. ಹಾರದ ಸೇಬಿಗೆ ಮಕ್ಕಳು ಮುಗಿಬಿದ್ದರು. ನೂಕುನುಗ್ಗಲಲ್ಲಿ ಕಳಚಿಕೊಂಡ ಒಂಟಿ ಚಪ್ಪಲಿಗಳು ರಸ್ತೆ ತುಂಬ ಬಿದ್ದಿದ್ದವು.

ಪಕ್ಕದಲ್ಲಿದ್ದ ದೊಡ್ಡವ್ವನನ್ನು ಕೇಳಿದೆ, "ದೊಡ್ಡವ್ವ, ಇವ್ರು ಹೇಳಿದ್ರು ಅಂತ ವೋಟು ಹಾಕ್ತೀಯಾ?" ದೊಡ್ಡವ್ವ ಸೆರಗಲ್ಲಿ ಮುಖ ಒರೆಸಿಕೊಂಡು ಹೇಳಿದಳು: "ಅಂಬರೀಸಣ್ಣನ ಮನೆ ಹೆಣ್ಮಗಳು ಕನಪ್ಪ. ಆ ಹುಡುಗ್ರು ಬರದೇ ಇದ್ದಿದ್ರೂ ಹಾಕ್ತಿದ್ದೆ."

ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿದುಬಿಟ್ಟಿದೆ.

ಆ ಚುನಾವಣೆ ನಿಮಗೆಲ್ಲ ನೆನಪಿರುತ್ತೆ. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ರಂದು. ಐದೇ ತಿಂಗಳಲ್ಲಿ ಅವರ ಪತ್ನಿ ಸುಮಲತಾ ಮಂಡ್ಯದಲ್ಲಿ ಪಕ್ಷೇತರರಾಗಿ ಕಣಕ್ಕಿಳಿದರು. ಬಿಜೆಪಿ ಬೆಂಬಲ ಕೊಟ್ಟಿತು. ಎದುರಿಗಿದ್ದವರು ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ. ಅವರೂ ಸಿನಿಮಾ ನಾಯಕನೇ. ಸುಮಲತಾ ಪರವಾಗಿ ದರ್ಶನ್ ಮತ್ತು ಯಶ್ ಊರೂರು ಸುತ್ತಿದರು. ಜನ ಅವರನ್ನು ಜೋಡೆತ್ತು ಅಂದರು. ಸುಮಲತಾ 1,25,876 ಮತಗಳಿಂದ ಗೆದ್ದರು. ಜೋಡೆತ್ತುಗಳೇ ಗೆಲ್ಲಿಸಿದವು ಅಂತ ಎಲ್ಲೆಡೆ ಮಾತಾಯಿತು.

ಅವರು ಮಾಡಿದ ಕೆಲಸ ಸಣ್ಣದಲ್ಲ. ಪಕ್ಷೇತರ ಅಭ್ಯರ್ಥಿಗೆ ಜನ ನೋಡಿ ಗೊತ್ತಿರುವ ಚಿಹ್ನೆ ಇರುವುದಿಲ್ಲ. ಸುಮಲತಾಗೆ ಸಿಕ್ಕಿದ್ದು ಕಹಳೆ ಊದುವ ರೈತ. ಮೇಲಾಗಿ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಓದು ಬರಹ ಬಾರದ ಅಜ್ಜಿ ಮತಯಂತ್ರದ ಮುಂದೆ ನಿಂತು ನಾಲ್ವರು ಸುಮಲತಾರಲ್ಲಿ ಯಾರನ್ನು ಹುಡುಕಬೇಕು, ಹೇಳಿ? ಮೂರು ವಾರದೊಳಗೆ ಒಂದು ಹೊಸ ಚಿಹ್ನೆಯನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಬೇಕಿತ್ತು. ಅದಕ್ಕೆ ದೊಡ್ಡ ದನಿ ಬೇಕಿತ್ತು. ಆ ದನಿಯನ್ನು ನಟರು ಕೊಟ್ಟರು. ಆದರೆ ವೋಟು ಹಾಕುವ ಮನಸ್ಸು ಮೊದಲೇ ಇತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಬಗ್ಗೆ ಎದುರಾಳಿಗಳ ಕಡೆಯಿಂದ ಬಂದ ಹಗುರ ಮಾತಿಗೆ ನಮ್ಮೂರ ಹೆಂಗಸರು ಒಳಗೇ ಕುದಿಯುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ.

ಈಗ 2024ಕ್ಕೆ ಬನ್ನಿ. ಅದೇ ಮಂಡ್ಯ, ಅದೇ ಏಪ್ರಿಲ್ ಬಿಸಿಲು, ಅದೇ ದರ್ಶನ್. ಈ ಸಲ ಅವರು ಪ್ರಚಾರ ಮಾಡಿದ್ದು ಕಾಂಗ್ರೆಸ್‌ನ ವೆಂಕಟರಮಣೇಗೌಡರಿಗೆ, ಅಂದರೆ ಸ್ಟಾರ್ ಚಂದ್ರು ಅವರಿಗೆ. ಸುಮಲತಾ ಅಷ್ಟರಲ್ಲಿ ಬಿಜೆಪಿ ಸೇರಿದ್ದರು. ಜನ ಈ ಸಲವೂ ಸೇರಿದರು, ಈ ಸಲವೂ ಕೂಗಿದರು. ಆದರೆ ಬಿಜೆಪಿ ಜೊತೆ ಮೈತ್ರಿಯಲ್ಲಿದ್ದ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ 2,84,620 ಮತಗಳಿಂದ ಗೆದ್ದರು. ಐದು ವರ್ಷದಲ್ಲಿ ಅಭಿಮಾನವೇನೂ ಆರಿಹೋಗಿರಲಿಲ್ಲ. 2019ರಲ್ಲಿ ನಟರು ಊರಿನ ಮನಸ್ಸಲ್ಲಿದ್ದದ್ದನ್ನೇ ಹೇಳಿದ್ದರು. 2024ರಲ್ಲಿ ಊರಿನ ಮನಸ್ಸು ಬೇರೆ ಕಡೆ ಇತ್ತು.

ಶಿವಮೊಗ್ಗದಲ್ಲೂ ಅದೇ ಆಯಿತು. 2024ರಲ್ಲಿ ಗೀತಾ ಶಿವರಾಜ್‌ಕುಮಾರ್ ಕಾಂಗ್ರೆಸ್ ಅಭ್ಯರ್ಥಿ. ಬಂಗಾರಪ್ಪನವರ ಮಗಳು, ರಾಜ್‌ಕುಮಾರ್ ಅವರ ಸೊಸೆ. ಶಿವಣ್ಣ ಪತ್ನಿಯ ಜೊತೆ ಊರೂರು ಸುತ್ತಿದರು. ಅವರನ್ನು ಪ್ರೀತಿಸದ ಊರು ಕರ್ನಾಟಕದಲ್ಲಿ ಇದೆಯಾ? ಆದರೂ ಬಿ.ವೈ. ರಾಘವೇಂದ್ರ 2,43,715 ಮತಗಳಿಂದ ಗೆದ್ದರು.

ಇನ್ನೂ ಹಿಂದಕ್ಕೆ ಹೋದರೆ, ಸಾಕ್ಷಾತ್ ಅಂಬರೀಶ್ ಅವರನ್ನೇ ಮಂಡ್ಯ 2009ರಲ್ಲಿ ಸೋಲಿಸಿದೆ. ಅದಕ್ಕೂ ಮೊದಲು ಮೂರು ಸಲ ಸಂಸತ್ತಿಗೆ ಕಳಿಸಿದ್ದ ಜನವೇ ಅವರು. "ಮಂಡ್ಯದ ಗಂಡು" ಅಂತ ಹೆಮ್ಮೆಪಟ್ಟವರೇ ಆ ಸಲ ಬೇರೆ ಬಟನ್ ಒತ್ತಿದರು. ಮತದಾರರು ಸಿನಿಮಾ ಹುಚ್ಚಲ್ಲಿ ವೋಟು ಹಾಕುತ್ತಾರೆ ಅಂತ ಯಾರಾದರೂ ಸುಮ್ನೆ ಹೇಳಿಬಿಟ್ಟರೆ ನನಗೆ ನೋವಾಗುತ್ತದೆ.

ಪಕ್ಷಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಅವರಿಗೆ ಮೊದಲು ಬೇಕಿರುವುದು ಜನ ಸೇರುವುದು. ನಟ ಬಂದರೆ ಟಿವಿಯಲ್ಲಿ ಬರುತ್ತೆ, ಮೊಬೈಲಲ್ಲಿ ಓಡುತ್ತೆ, ಕಾರ್ಯಕರ್ತರಿಗೆ ಹುರುಪು ಬರುತ್ತೆ. ಕಾನೂನಿನಲ್ಲೂ ಇದಕ್ಕೆ ಜಾಗವಿದೆ. ಮಾನ್ಯತೆ ಪಡೆದ ಪಕ್ಷ 40 ಜನ ತಾರಾ ಪ್ರಚಾರಕರ ಪಟ್ಟಿ ಕೊಡಬಹುದು. ಅವರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮತದಾನ ಮುಗಿಯುವ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಕ್ಷೇತ್ರದಲ್ಲಿ ಮತ ಇಲ್ಲದ ಪ್ರಚಾರಕರು ಊರು ಬಿಡಬೇಕು. ಆ ಎರಡು ದಿನ ನೋಡಿ, ಊರು ಎಷ್ಟು ತಣ್ಣಗಾಗುತ್ತೆ! ಮೈಕಿಲ್ಲ, ಜೀಪಿಲ್ಲ. ರಾತ್ರಿ ಊಟ ಆದಮೇಲೆ ಮನೆ ಮನೆಯಲ್ಲಿ ಮಾತು ಶುರುವಾಗುತ್ತೆ. ನಾಲೆಗೆ ನೀರು ಬಿಟ್ಟವರು ಯಾರು, ಕಬ್ಬಿನ ಬಾಕಿ ಕೊಡಿಸಿದವರು ಯಾರು, ಆಸ್ಪತ್ರೆಗೆ ಕರೆದಾಗ ಫೋನ್ ತೆಗೆದವರು ಯಾರು. ಜಾತಿ ಮಾತೂ ಬರುತ್ತೆ, ದುಡ್ಡಿನ ಮಾತೂ ಬರುತ್ತೆ, ಇಲ್ಲ ಅನ್ನಲಾರೆ. ನಟನ ಮಾತು ಮಾತ್ರ ಬರುವುದು ಕಮ್ಮಿ.

ನಟರು ರಾಜಕೀಯ ಮಾತಾಡಬಾರದು ಅಂತ ನಾನು ಹೇಳುವುದಿಲ್ಲ. ಅವರೂ ಮತದಾರರೇ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಏಪ್ರಿಲ್ 5ರಂದು, ನಟ ಸುದೀಪ್ ತಮ್ಮ ಬೆಂಬಲ ಆಗಿನ ಮುಖ್ಯಮಂತ್ರಿ, ಬಿಜೆಪಿಯ ಬಸವರಾಜ ಬೊಮ್ಮಾಯಿ ಅವರಿಗೆ ಅಂದರು. ಕಷ್ಟದಲ್ಲಿ ಜೊತೆಗಿದ್ದವರು ಅನ್ನೋದು ಅವರು ಕೊಟ್ಟ ಕಾರಣ. ಮುಚ್ಚುಮರೆ ಇಲ್ಲದ ಮಾತು, ನನಗೆ ಹಿಡಿಸಿತು. ಆದರೆ ಅದು ಅವರಿಬ್ಬರ ನಡುವಿನ ಋಣ. ನನ್ನ ಊರಿನ ಕೆರೆಗೂ ಶಾಲೆಗೂ ಅದರಿಂದ ಏನು ಅಂತ ನಾನು ಕೇಳಬೇಕಲ್ವಾ? ಬೊಮ್ಮಾಯಿ ಶಿಗ್ಗಾವಿಯಲ್ಲಿ ಗೆದ್ದರು. ಅವರ ಪಕ್ಷ ರಾಜ್ಯದಲ್ಲಿ 66 ಸ್ಥಾನಕ್ಕೆ ಇಳಿಯಿತು.

ನನಗೆ ಜಾಸ್ತಿ ಕಾಳಜಿ ಇರುವುದು ಮೊದಲ ಸಲ ವೋಟು ಹಾಕುವ ಹುಡುಗ ಹುಡುಗಿಯರ ಬಗ್ಗೆ. ದೊಡ್ಡವ್ವನಿಗೆ ಹತ್ತಾರು ಚುನಾವಣೆ ನೋಡಿದ ಅನುಭವ ಇದೆ. ಅವರಿಗೆ ಇನ್ನೂ ಇಲ್ಲ. 2024ರಲ್ಲಿ ನನ್ನ ತಂಗಿಯ ಮಗನಿಗೆ ಹದಿನೆಂಟು ತುಂಬಿತ್ತು. ರೋಡ್ ಶೋ ವಿಡಿಯೋ ತೋರಿಸಿದ. ಅವನ ನಟ ನಡುವೆ ಚೆನ್ನಾಗಿ ಕಾಣುತ್ತಿದ್ದರು. ಪಕ್ಕದಲ್ಲಿದ್ದ ಅಭ್ಯರ್ಥಿಯ ಅರ್ಧ ಮುಖ ಕತ್ತರಿಸಿಹೋಗಿತ್ತು.

"ಇವ್ರು ಯಾರೋ?" ಅಂದೆ.

"ಕ್ಯಾಂಡಿಡೇಟು, ಮಾವ."

"ಏನ್ ಮಾಡ್ಕೊಂಡಿದಾರೆ?"

ಹುಡುಗ ತಲೆ ಕೆರೆದುಕೊಂಡ. ನಾನು ಬೈಯಲಿಲ್ಲ. ಆಗ ಚುನಾವಣಾ ಆಯೋಗದ 'ನೋ ಯುವರ್ ಕ್ಯಾಂಡಿಡೇಟ್' ಅನ್ನೋ ಆ್ಯಪ್ ಇತ್ತು. ಅಭ್ಯರ್ಥಿಗಳು ಕೊಟ್ಟ ಅಫಿಡವಿಟ್ ಅದರಲ್ಲಿ ಸಿಗುತ್ತಿತ್ತು. ಆಸ್ತಿ, ಸಾಲ, ಓದು, ಕೇಸುಗಳು, ಎಲ್ಲ. ಅವನ ಮೊಬೈಲಿಗೇ ಹಾಕಿಕೊಂಡೆವು. ಜಗಲಿ ಮೇಲೆ ಕೂತು ಒಬ್ಬೊಬ್ಬರದೇ ತೆಗೆದು ಓದತೊಡಗಿದೆವು. ಹತ್ತು ನಿಮಿಷಕ್ಕೆ ಪಕ್ಕದ ಮನೆಯ ಇಬ್ಬರು ಹುಡುಗರು ಬಂದು ಕೂತರು. ಆಮೇಲೆ ದೊಡ್ಡವ್ವನೂ ಬಂದಳು. ಅವಳಿಗೆ ಓದಲು ಬರುವುದಿಲ್ಲ. "ಜೋರಾಗಿ ಓದ್ಲಾ ಮಗ, ನನ್ಗೂ ಕೇಳುಸ್ಲಿ" ಅಂದಳು.